ತವರಿನ ದಾಳಿಂಬೆಗೆ ಹೇನು ಹತ್ತಿದಾಗ

ಮಸ್ಕಿಯ ಮನೆ ಅತ್ತೆಯದು, ಹಿತ್ತಲು ಅತ್ತೆಯದು, ಬಾವಿಯೂ ಅತ್ತೆಯದು. ಹಿತ್ತಲಿನ ದಾಳಿಂಬೆ ಗಿಡ ಮಾತ್ರ ನನ್ನದು. ಮದುವೆಯಾಗಿ ಗುರುಗುಂಟಾದಿಂದ ಹೊರಡುವಾಗ ಅವ್ವ ಅದನ್ನು ಮಣ್ಣಿನ ಸಮೇತ ಕಿತ್ತು, ಒದ್ದೆ ಬಟ್ಟೆ ಸುತ್ತಿ ನನ್ನ ಮಡಿಲಿಗಿಟ್ಟಿದ್ದಳು. ಮರುವರ್ಷ ಅವ್ವ ತೀರಿಕೊಂಡಳು. ಗಿಡ ಉಳಿಯಿತು.

ಮೂರನೆಯ ವರ್ಷ ಮೊದಲ ಮೊಗ್ಗು ಕಾಣುವ ಹೊತ್ತಿಗೆ ಚಿಗುರಿಗೆಲ್ಲ ಹೇನು ಹತ್ತಿತು. ಎಳ್ಳಿಗಿಂತ ಸಣ್ಣ ಹುಳುಗಳು ಕುಡಿಯೇ ಕಾಣದಂತೆ ಮುತ್ತಿ ರಸ ಹೀರುತ್ತಿದ್ದವು. ಎಲೆ ಮುರುಟಿದ್ದು ನನ್ನ ಸಂಕಟ. ಅವು ಸುರಿಸುವ ಅಂಟು ಕೆಳಗಿನ ಬಂಡೆಯ ಮೇಲೆ ಒಣಹಾಕಿದ್ದ ಹಪ್ಪಳಕ್ಕೆ ಬಿದ್ದು ಇರುವೆ ಸಾಲುಗಟ್ಟಿದ್ದು ಅತ್ತೆಯ ಸಂಕಟ.

"ಶುಕ್ರವಾರ ನನ್ನ ಮಗ ಬರ್ತಾನ. ಅವತ್ತ ಈ ಗಿಡ ಕಡಸ್ತೀನಿ," ಎಂದರು.

ನನ್ನ ಗಂಡ ಲಿಂಗಸುಗೂರಿನ ತಹಸೀಲ ಕಚೇರಿಯಲ್ಲಿ ಉರ್ದು ಬರೆಯುವ ಗುಮಾಸ್ತರು. ನಿಜಾಮರ ಸರ್ಕಾರದಲ್ಲಿ ರಜೆ ಶುಕ್ರವಾರ. ನನಗೆ ಆರು ದಿನ ಸಿಕ್ಕವು. ಧಾರಾಳವಾಯಿತು ಎಂದುಕೊಂಡೆ. ಆ ವಯಸ್ಸಿನಲ್ಲಿ ನನ್ನಿಂದಾಗದ ಕೆಲಸವೇ ಇರಲಿಲ್ಲ.

ಮೊದಲು ಒಲೆಯ ಬೂದಿ ಎರಚಿದೆ. ಅರ್ಧ ಗಾಳಿಗೆ ಹೋಯಿತು, ಅರ್ಧ ಅತ್ತೆಯ ಹಪ್ಪಳಕ್ಕೆ. ಸೀಮೆಎಣ್ಣೆ ಹೊಡೆಯೋಣವೆಂದರೆ ಯುದ್ಧದ ಕಾಲ, ದೀಪಕ್ಕೇ ಸಾಲದು. ಆಗ ಅವ್ವ ನೆನಪಾದಳು. ನನ್ನ ತಲೆಯಲ್ಲಿ ಹೇನಾದರೆ ಸೀತಾಫಲದ ಬೀಜ ಅರೆದು ಹಚ್ಚುತ್ತಿದ್ದಳು, ಮರುದಿನ ಎಲ್ಲವೂ ಸತ್ತು ಉದುರುತ್ತಿದ್ದವು. ತಲೆಯಲ್ಲಿ ಸಾಯುವುದು ಗಿಡದಲ್ಲಿ ಯಾಕೆ ಸಾಯಬಾರದು? ಡಬ್ಬಿಯಲ್ಲಿ ಕೂಡಿಟ್ಟ ಬೀಜ ಅರೆದು ನೀರಿಗೆ ಕಲಸಿದೆ.

"ಕಣ್ಣಿಗೆ ಬಿತ್ತಂದ್ರ ಕಣ್ಣೇ ಹೋಗ್ತಾವ. ಸೆರಗು ಮುಖಕ್ಕ ಕಟ್ಕೋ," ಎಂದರು ಅತ್ತೆ.

"ನನಗ ಗೊತ್ತೈತ್ರೀ ಅತ್ತಿ," ಎಂದೆ. ಕಟ್ಟಿಕೊಳ್ಳಲಿಲ್ಲ.

ಕಸಬರಿಗೆ ಅದ್ದಿ ಕೆಳಗಿನ ಕೊಂಬೆಗಳನ್ನೆಲ್ಲ ತೋಯಿಸಿದೆ. ಮೇಲಿನ ಕೊಂಬೆಗೆ ಬೀಸಿದೆನೋ ಇಲ್ಲವೋ, ನೀರು ನೇರ ಕಣ್ಣಿಗೆ ಬಿತ್ತು. ಬೆಂಕಿ ಬಿದ್ದಂತೆ ಕಿರುಚಿದೆ. ಅತ್ತೆ ಓಡಿ ಬಂದು ಬಾವಿಕಟ್ಟೆಗೆ ಎಳೆದೊಯ್ದು, ರೆಪ್ಪೆ ಬಿಡಿಸಿ ಹಿಡಿದು ಕೊಡಗಟ್ಟಲೆ ನೀರು ಸುರಿದರು. ಪ್ರತಿ ಕೊಡಕ್ಕೂ ಒಂದು ಬೈಗುಳ. ಆಮೇಲೆ ಎರಡೂ ಕಣ್ಣಿಗೆ ಬಟ್ಟೆ ಕಟ್ಟಿ ಮಲಗಿಸಿದರು. ಕಣ್ಣು ನೆಟ್ಟಗಾಗುತ್ತದೆಂಬ ಧೈರ್ಯ ನನಗಿತ್ತು. ಅಳು ಬಂದದ್ದು ಗಿಡಕ್ಕಾಗಿ.

ಶುಕ್ರವಾರ ಬೆಳಿಗ್ಗೆ ಹಿತ್ತಲಲ್ಲಿ ನನ್ನ ಗಂಡನ ದನಿ ಕೇಳಿತು. "ಯವ್ವಾ, ಕೊಡ್ಲಿ ಎಲ್ಲೈತಿ?"

ನಾನು ಹೊದ್ದ ಕೌದಿಯನ್ನು ಮುಷ್ಟಿಯಲ್ಲಿ ಹಿಡಿದೆ.

"ಕೊಡ್ಲಿ ಯಾಕ? ಏಣಿ ಹಿಡಿ ಬಾ. ಕೆಳಗಿನವೆಲ್ಲ ಸತ್ತಾವ, ಮ್ಯಾಲಿನವು ಉಳದಾವ."

ಏಣಿ ಗಿಡದ ಪಕ್ಕದ ಗೋಡೆಗೆ ತಗುಲಿದ ಸದ್ದು. ಆಮೇಲೆ ಕಸಬರಿಗೆ ಸರ್ರನೆ ಬೀಸುವ ಸದ್ದು, ಮತ್ತೆ ಮತ್ತೆ. ಅರೆದ ಬೀಜದ ಕಮಟು ವಾಸನೆ ಒಳಗಿನ ತನಕ ಬಂತು. ಸುಮ್ಮನಿರುವ ಹೆಂಗಸೇ ನಾನು?

"ಅತ್ತೀ, ಸೆರಗು ಕಟ್ಕೊಂಡೀರೇನ್ರೀ?" ಎಂದು ಮಲಗಿದಲ್ಲಿಂದಲೇ ಕೂಗಿದೆ.

"ನಾ ನಿನ್ನಂಗ ಶಾಣ್ಯಾಕಿ ಅಲ್ಲವ್ವಾ. ಕಟ್ಕೊಂಡೀನಿ!"

ಕಣ್ಣಿನ ಬಟ್ಟೆ ಬಿಚ್ಚಿದ ದಿನ ಮೊದಲು ಹಿತ್ತಲಿಗೆ ಹೋದೆ. ಗಿಡದ ಕೆಳಗಿನ ಬಂಡೆ ಖಾಲಿ ಇತ್ತು. ಹಪ್ಪಳವನ್ನು ಅತ್ತೆ ಮಾಳಿಗೆಯ ಮೇಲೆ ಹೊತ್ತೊಯ್ದು ಒಣಹಾಕಿದ್ದರು.