ನಾನು ಬರೆಯದೆ ಬಿಟ್ಟ ಪುಟ

ಶೀನಣ್ಣ ಕುಡಿದಿರಲಿಲ್ಲ, ಅತ್ತಿಗೆ. ಅವನನ್ನು ಕೊಂದದ್ದು ನನ್ನ ಕೈಬರಹ. ಆರು ವರ್ಷಗಳಿಂದ ಇದು ನನಗೆ ಗೊತ್ತಿದೆ.

ನಮ್ಮ ಮೊದಲ ಟ್ರಾಲರ್ ಬೋಟು ಬಂದ ವರ್ಷ — ಹಾಯಿ, ಹುಟ್ಟು ಬಲ್ಲ ನಮ್ಮ ಮನೆಯ ಗಂಡಸರಲ್ಲಿ ಎಂಜಿನ್ ಬಲ್ಲವರು ಯಾರೂ ಇರಲಿಲ್ಲ. ಅದರೊಂದಿಗೆ ಬಂದ ಇಂಗ್ಲಿಷ್ ಪುಸ್ತಕವನ್ನು ಅಪ್ಪಯ್ಯ ಘಟ್ಟ ಹತ್ತಿಸಿ ಸಾಗರ ಪೇಟೆಗೆ, ನನ್ನ ಬಳಿಗೆ ಕಳಿಸಿದರು. ನಾನು ಇಲ್ಲಿನ ಹೈಸ್ಕೂಲಿಗೆ ವಿಜ್ಞಾನ ಕಲಿಸಲು ಸೇರಿ ಮೂರು ತಿಂಗಳಾಗಿತ್ತು. ಎಂಜಿನ್ ನೋಡಿಕೊಳ್ಳುವ ಶೀನಣ್ಣನಿಗಾಗಿ ಅದನ್ನು ಕನ್ನಡದಲ್ಲಿ ಬರೆದುಕೊಡಬೇಕಿತ್ತು.

ಬರೆದೆ. ‘ಮಳೆ ಬಂದರೆ ಎಂಜಿನ್ ಕೋಣೆಯ ಮುಚ್ಚಳ ಭದ್ರವಾಗಿ ಹಾಕಿ’ — ಇದನ್ನೂ ಬರೆದೆ. ಅದರ ಮುಂದಿನ ಪುಟವನ್ನು, ಕಷ್ಟದ್ದೆಂದು, ಕೊನೆಗೆ ಇಟ್ಟುಕೊಂಡಿದ್ದೆ: ಎಂಜಿನ್ ನಡೆಯುತ್ತಿರುವಾಗ ಒಳಗೆ ಮನುಷ್ಯನಿದ್ದರೆ ಮುಚ್ಚಳ ಹಾಕಬಾರದು, ಹೊಗೆಕೊಳವೆ ಸೋರಿದರೆ ಉಸಿರು ಕಟ್ಟುತ್ತದೆ. ಭಟ್ಕಳದ ಬಸ್ಸು ಹೊರಡುವುದರಲ್ಲಿತ್ತು. ಹೊಗೆಯಲ್ಲಿ ಯಾರು ಕೂರುತ್ತಾರೆ, ಇದನ್ನೂ ಹೇಳಬೇಕೇ — ಎಂದುಕೊಂಡು ನೋಟುಪುಸ್ತಕವನ್ನು ಕಂಡಕ್ಟರನ ಕೈಗಿತ್ತೆ.

ರಜೆಗೆ ಬಂದಾಗ ಶೀನಣ್ಣ ಹೇಳಿದ್ದ: “ನೀ ಬರ್ದದ್ದೇ ನಂಗೆ ವೇದ ಕಾಣ್, ಟೀಚರಮ್ಮ. ಅದ್ರಗೆ ಇದ್ದದ್ದ್ ಬಿಡುದಿಲ್ಲ, ಇಲ್ದಿದ್ದ್ ಮಾಡುದಿಲ್ಲ.”

“ಹೆಂಡ್ತಿ ಮಾತೊಂದ್ ಬಿಟ್ಟ್ ಎಲ್ಲಾ ಕೇಳ್ತ್ರ್,” ಎಂದು ನೀವು ನಕ್ಕಿರಿ.

ಅವತ್ತು ಹಾಡುಹಗಲು. ಮಳೆ ಬಂತು. ಎಂಜಿನ್ ಬಳಿ ಕೆಲಸದಲ್ಲಿದ್ದವನು ಒಳಗಿನಿಂದಲೇ ಮುಚ್ಚಳ ಎಳೆದುಕೊಂಡ — ಭದ್ರವಾಗಿ. ಬಲೆ ಎಳೆದು ಮುಗಿಸಿದವರು ತೆರೆದಾಗ ಒಳಗೆಲ್ಲ ಹೊಗೆ, ಅವನಿಗೆ ಉಸಿರಿರಲಿಲ್ಲ.

ಊರಿಗೆ ಓಡಿಬಂದ ನಾನು ಮೊದಲು ಹುಡುಕಿದ್ದು ಅವನ ಮುಖವನ್ನಲ್ಲ, ಆ ನೋಟುಪುಸ್ತಕವನ್ನು. ಇದನ್ನು ಯಾರಿಗೂ ಹೇಳಿಲ್ಲ.

“ಕುಡ್ದ್ ಮನಿಕಂಡಿರ್ಕ್,” ಎಂದರು ಅಪ್ಪಯ್ಯ.

“ಅವ್ರ್ ಮುಟ್ಟುದಿಲ್ಲ ಮಾವಯ್ಯ. ದೇವ್ರಾಣಿಗೂ ಮುಟ್ಟುದಿಲ್ಲ!” ಎಂದಿರಿ ನೀವು. ಎಂದು, ನನ್ನ ಕಡೆ ನೋಡಿದಿರಿ — ಓದಿದವಳು, ಏನಾದರೂ ಹೇಳಿಯಾಳೆಂದು. ನಾನು ನೆಲ ನೋಡಿದೆ.

ಎರಡನೆಯ ಬೋಟಿಗೆ ಶೀನಣ್ಣನ ಹೆಸರಿಡಿ ಎಂದು ನೀವು ಕೇಳಿದಾಗಲೂ ಬಾಗಿಲಲ್ಲೇ ನಿಂತಿದ್ದೆ. “ಕುಡ್ಕನ ಹೆಸ್ರ್ ಬೋಟಿಗ್ ಇಡ್ತ್ರಾ?” ಎಂದರು ಅಪ್ಪಯ್ಯ. ನಾನು ಒಳಗೆ ಹೋದೆ.

ಇವತ್ತು ಶಾಲೆಗೆ ನಿಮ್ಮ ಕಾಗದ ಬಂತು, ನಿಮ್ಮ ತಮ್ಮನ ಅಕ್ಷರದಲ್ಲಿ. ಮೂರನೆಯ ಬೋಟಿನ ಎಂಜಿನ್ ಅವನಿಗೇ ಕೊಟ್ಟಿದ್ದಾರೆ, ಸೋಮವಾರ ಕಡಲಿಗೆ ಇಳಿಯುತ್ತದೆ. ಕೊನೆಗೆ ಅವನದೇ ಮಾತು: ಬಾವನ ನೋಟುಪುಸ್ತಕವನ್ನು ಅಕ್ಕ ಪೆಟ್ಟಿಗೆಯಿಂದ ತೆಗೆದುಕೊಟ್ಟಳು, ದಿನಾ ಓದುತ್ತಿದ್ದೇನೆ...

ಕೈಯಲ್ಲಿದ್ದ ಸೀಮೆಸುಣ್ಣ ಮುರಿದು ಬಿತ್ತು. “ಎಂತಾಯ್ತು ಟೀಚರ್? ಕೂತ್ಕೊಳಿ,” ಎಂದಳು ಮುಂದಿನ ಬೆಂಚಿನ ಹುಡುಗಿ. ಕೂರಲಿಲ್ಲ. ನೇರ ಅಂಚೆಕಚೇರಿಗೆ ನಡೆದೆ. ನಾನು ಬರುವ ತನಕ ಬೋಟು ಇಳಿಸಬೇಡಿ ಎಂದು ತಂತಿ ಕೊಟ್ಟಿದ್ದೇನೆ.

ಆ ಪುಟ ಈಗ ಕನ್ನಡದಲ್ಲಿದೆ. ಬರೆಯಲು ಹದಿನೈದು ನಿಮಿಷವೂ ಹಿಡಿಯಲಿಲ್ಲ, ಅತ್ತಿಗೆ — ಹದಿನೈದು ನಿಮಿಷ.

ನಿಮಗೆ ಓದಲು ಬರುವುದಿಲ್ಲ. ಇದನ್ನು ನಿಮ್ಮ ತಮ್ಮನ ಕೈಯಲ್ಲಿ ಓದಿಸಿ ನಾನು ದೂರ ನಿಲ್ಲಲಾರೆ. ಬೆಳಗಿನ ಬಸ್ಸಿಗೆ ಹೊರಡುತ್ತೇನೆ. ಅಪ್ಪಯ್ಯನ ಎದುರು, ಬೋಟಿನ ಗಂಡಸರೆಲ್ಲ ಕೂತಿರುವಾಗ, ನಾನೇ ಓದುತ್ತೇನೆ. ಮೊದಲು ಆ ಪುಟ. ಆಮೇಲೆ ಈ ಕಾಗದ, ಅದರ ಮೊದಲ ಸಾಲಿನಿಂದ.