ಬೆನ್ನು ತೂಗಿದರೆ ಬರುವ ವಿದ್ಯೆ

ನನ್ನ ವಿದ್ಯೆಯೆಲ್ಲ ಸೊಂಟದಲ್ಲಿತ್ತು. ತಲೆಯಲ್ಲಿ ಇದ್ದಿದ್ದರೆ ಇದನ್ನು ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲ.

ತೊಂಬತ್ತರ ದಶಕದಲ್ಲಿ ಚಳ್ಳಕೆರೆಯಲ್ಲಿ ನಾನು ಎರಡು ಕಡೆ ಓದುತ್ತಿದ್ದೆ. ಬೆಳಗಿನ ನಮಾಜಿನ ನಂತರ ಮದರಸಾದಲ್ಲಿ ಕುರ್‌ಆನ್ ಕಂಠಪಾಠ, ಆಮೇಲೆ ಹೈಸ್ಕೂಲು. ಕಂಠಪಾಠ ಮಾಡುವವರು ಸಾಲಾಗಿ ಕೂತು ಹಿಂದಕ್ಕೂ ಮುಂದಕ್ಕೂ ತೂಗುತ್ತಾರೆ. ಇದನ್ನು ಯಾರೂ ಕಲಿಸುವುದಿಲ್ಲ, ಪಕ್ಕದವನಿಂದ ಅಂಟುತ್ತದೆ. ನಾನು ತೂಗಿದರೆ ಸಾಲು ಬಾಯಿಗೆ ಬರುತ್ತಿತ್ತು, ನಿಂತರೆ ಅದೂ ನಿಲ್ಲುತ್ತಿತ್ತು. ನಮ್ಮ ಗುರುಗಳಾದ ಹಜ್ರತರು ನಿನ್ನೆಯ ಪಾಠ ಒಪ್ಪಿಸದವನಿಗೆ ಇವತ್ತಿನದನ್ನು ಕೊಡುತ್ತಿರಲಿಲ್ಲ. ಒಂದೇ ಪುಟದ ಮೇಲೆ ನಾನು ಒಂಬತ್ತು ದಿನ ಕೂತದ್ದುಂಟು. ಅವರು ಬೈಯಲಿಲ್ಲ.

"ಕೂತ್ಕೊ ಬೇಟಾ. ಪುಟ ಎಲ್ಲೂ ಓಡಿಹೋಗಲ್ಲ. ನೀನು ಓಡಿಹೋಗ್ಬೇಡ, ಅಷ್ಟೆ."

ಈ ಪದ್ಧತಿಯನ್ನು ನಾನು ವಿಜ್ಞಾನಕ್ಕೂ ವಿಸ್ತರಿಸಿದೆ. ಬೆಳಕಿನ ವಕ್ರೀಭವನ, ಹೃದಯದ ನಾಲ್ಕು ಕೋಣೆ, ಎಲ್ಲವನ್ನೂ ತೂಗಿ ತೂಗಿ ಒಳಗಿಳಿಸಿದೆ. ಅಷ್ಟು ಭಕ್ತಿಯಿಂದ ಬೆಳಕನ್ನು ಯಾರೂ ಬಗ್ಗಿಸಿರಲಾರರು.

ಎಸ್ಸೆಸ್ಸೆಲ್ಸಿ ವಿಜ್ಞಾನ ಪರೀಕ್ಷೆಯಲ್ಲಿ ಮೊದಲ ಪ್ರಶ್ನೆಗೇ ತೂಗತೊಡಗಿದೆ. ಕೊಠಡಿ ಮೇಲ್ವಿಚಾರಕರು ಧಾವಿಸಿ ಬಂದರು.

"ಲೇ, ಮುಂದಿನವನ್ದು ಇಣುಕಿ ನೋಡ್ತೀಯಾ? ನೆಟ್ಟಗೆ ಕೂತ್ಕ!"

ನೆಟ್ಟಗೆ ಕೂತೆ. ಹೃದಯದ ನಾಲ್ಕೂ ಕೋಣೆಗೆ ಬೀಗ ಬಿತ್ತು. ತೂಗಿ ಓದಿದ್ದು ಆ ಒಂದು ವಿಷಯವನ್ನು, ಫೇಲಾದದ್ದೂ ಅದೊಂದರಲ್ಲೇ.

ಅಬ್ಬಾ ಟ್ರ್ಯಾಕ್ಟರ್ ಮೆಕ್ಯಾನಿಕ್. ಮನೆಯಲ್ಲಿ ಉರ್ದು ಆಡುವ ಅವರು ಗ್ಯಾರೇಜಿನಲ್ಲಿ ನನ್ನ ಜೊತೆಗೂ ಕನ್ನಡವೇ ಆಡುತ್ತಿದ್ದರು. ಪರಶುರಾಂಪುರದ ರೈತರಿಗೆ, ತಮ್ಮ ಇಂಜಿನ್ನಿನ ಬಗ್ಗೆ ಅಪ್ಪ ಮಗ ಏನೋ ಗುಟ್ಟು ಮಾತಾಡುತ್ತಿದ್ದಾರೆ ಅನ್ನಿಸಬಾರದಲ್ಲ. ಫಲಿತಾಂಶದ ದಿನ ಅವರು ಒಂದು ಹೊಸ ಸ್ಪ್ಯಾನರನ್ನು ಬಟ್ಟೆಯಲ್ಲಿ ಸುತ್ತಿ ಗ್ಯಾರೇಜಿನ ಕಪಾಟಿನ ಮೇಲಿಟ್ಟರು.

"ಇನ್ನೊಂದ್ಸಲ ಬರಿ. ಆಗ್ಲಿಲ್ಲ ಅಂದ್ರೆ ಇದು ನಿಂದು."

ಕಾಲೇಜಿಗೂ ನನಗೂ ನಡುವೆ ಆ ಸ್ಪ್ಯಾನರ್ ಮಲಗಿತ್ತು. ತೂಗುವುದನ್ನು ಬಿಡಲು ಅಮ್ಮಿಯ ಹಳೆಯ ಸೀರೆಯಿಂದ ಬೆನ್ನನ್ನು ಪಡಸಾಲೆಯ ಕಂಬಕ್ಕೆ ಬಿಗಿದುಕೊಂಡು ಓದಿದೆ. ವಾರ ಕಳೆದರೂ ಕಂಬವೂ ಏನೂ ಕಲಿಯಲಿಲ್ಲ, ನಾನೂ ಕಲಿಯಲಿಲ್ಲ. ಸೀರೆ ಬಿಚ್ಚಿ, ಮತ್ತೆ ಮೊದಲ ಪಾಠದಿಂದ ತೂಗಿದೆ.

ಎರಡನೆಯ ಸಲ ಪರೀಕ್ಷಾ ಕೇಂದ್ರ ಮೊಳಕಾಲ್ಮೂರಿನಲ್ಲಿ ಬಿತ್ತು. ಅಲ್ಲಿನ ಮೇಲ್ವಿಚಾರಕರು ನಿವೃತ್ತಿಗೆ ಹತ್ತಿರವಾದ ಮೇಷ್ಟರು. ನಾನು ಕದ್ದು ಕದ್ದು ಒಂದಿಷ್ಟೇ ತೂಗುತ್ತಿದ್ದೆ. ಬಂದು ಪಕ್ಕದಲ್ಲಿ ನಿಂತರು.

"ಯಾಕಪ್ಪಾ, ಹೊಟ್ಟೆ ನೋವಾ?"

"ಇಲ್ಲ ಸಾರ್. ತೂಗ್ದಿದ್ರೆ ನೆನಪಾಗಲ್ಲ."

ಕೊಠಡಿಯೆಲ್ಲ ನಕ್ಕಿತು. ಅವರು ನಗಲಿಲ್ಲ. "ನಮ್ದು ನೇಕಾರರ ಮನೆ ಕಣಪ್ಪ. ಮಗ್ಗದ ಗುಂಡಿಯಾಗೆ ಕಾಲು ಇಳಿಬಿಟ್ಟು ಓದಿದೋನು ನಾನು. ಕಾಲು ತುಳೀತಿದ್ರೆ ಪದ್ಯ ಬರ್ತಿತ್ತು, ಮೇಲೆದ್ರೆ ಪದ್ಯ ಗುಂಡಿಯಾಗೇ ಉಳೀತಿತ್ತು. ಏಳು, ಬಾ."

ನನ್ನನ್ನು ಎಲ್ಲರಿಗಿಂತ ಮುಂದೆ, ಗೋಡೆಗೆ ಮುಖ ಮಾಡಿದ ಒಂಟಿ ಬೆಂಚಿನಲ್ಲಿ ಕೂರಿಸಿದರು. "ಇಲ್ಲಿ ಗೋಡೆ ಐತೆ. ಅದೇನಾದ್ರೂ ಉತ್ತರ ಹೇಳಿದ್ರೆ ಬರ್ಕ."

ತೂಗಿದೆ. ಬೆಳಕು ಬಗ್ಗಿತು. ಎರಡು ಕೋಣೆ ತೆರೆಯುವಷ್ಟರಲ್ಲಿ ಹಿಂದಿನಿಂದ ಹುಡುಗಿಯೊಬ್ಬಳ ದೂರು ಬಂತು: "ಸಾರ್, ಅವನ ಬೆಂಚು ಕಿರ್ ಕಿರ್ ಅಂತೈತೆ. ನಮಗೆ ಬರೆಯಾಕೆ ಆಗ್ತಿಲ್ಲ."

ನಾನು ತೂಗುವುದನ್ನು ನಿಲ್ಲಿಸಿದೆ. ಮೇಷ್ಟರು ಚೀಲದಿಂದ ಹಳೆಯ ದಿನಪತ್ರಿಕೆ ತೆಗೆದು, ನಾಲ್ಕಾಗಿ ಮಡಿಸಿ, ಆ ವಯಸ್ಸಿನಲ್ಲಿ ನೆಲಕ್ಕೆ ಮಂಡಿಯೂರಿ ಬೆಂಚಿನ ಕುಂಟು ಕಾಲಿಗೆ ಒತ್ತು ಕೊಟ್ಟರು. ಬೆಂಚನ್ನು ಅಲ್ಲಾಡಿಸಿ ನೋಡಿದರು. ಸದ್ದಿಲ್ಲ.

"ಹೂಂ, ಈಗ ತೂಗು."

ಕುಂಟು ಬೆಂಚಿನ ಕಥೆಯನ್ನು ಅಬ್ಬಾಗೆ ಅಂದೇ ಹೇಳಿದ್ದೆ. ನಲವತ್ತೊಂದು ಅಂಕ ಬಂತು. ಅಂಕಪಟ್ಟಿ ಹಿಡಿದು ಗ್ಯಾರೇಜಿಗೆ ಹೋದೆ. ಅಬ್ಬಾ ಕೈಯ ಗ್ರೀಸ್ ಒರೆಸಿಕೊಂಡು, ತುದಿಬೆರಳಲ್ಲಿ ಹಿಡಿದು ಅಂಕ ನೋಡಿದರು. ಆಮೇಲೆ ಕಪಾಟಿನ ಮೇಲಿನ ಬಟ್ಟೆ ಬಿಚ್ಚಿ, ಹೊಸ ಸ್ಪ್ಯಾನರನ್ನು ತಾವೇ ತೆಗೆದುಕೊಂಡು ಟ್ರ್ಯಾಕ್ಟರಿನ ಕೆಳಗೆ ತೂರಿದರು. ಒಳಗಿನಿಂದಲೇ ಕೇಳಿದರು:

"ಕಾಲೇಜಾಗೆ ಬೆಂಚು ಗಟ್ಟಿ ಅದಾವೇನೋ? ನೋಡ್ಕೊಂಡು ಸೇರ್ಕ."