ಕುರಿಮರಿ ಮೆಚ್ಚಿದ ಮಿಮಿಕ್ರಿ

ಕುರಿಗಳ ಮುಂದೆಯೇ ಕುರಿಯ ದನಿ ಮಾಡಿ ತೋರಿಸುತ್ತೇನೆಂದು ಜಂಬ ಕೊಚ್ಚಿದ್ದು ನನ್ನದೇ ಪೆದ್ದತನ. ಬಸ್ ಕಂಡಕ್ಟರ್, ಪ್ರಿನ್ಸಿಪಾಲರು, ಅಪ್ಪ, ಯಾರ ದನಿಯನ್ನೂ ಬಿಡದವನು ನಾನು. ವಿಜಯಪುರದ ಕಾಲೇಜು ವೇದಿಕೆಯಲ್ಲಿ ಒಮ್ಮೆ ‘ಬ್ಯಾ’ ಎಂದರೆ ಸಾಕು, ಸೀಟಿ ಬೀಳುತ್ತಿದ್ದವು. ಆದರೆ ರಜೆಗೆಂದು ಜೈನಾಪುರಕ್ಕೆ ಹೋಗಿ, ಸೋದರತ್ತೆಯ ಕುರಿದೊಡ್ಡಿಯೊಳಗೆ ನಿಂತು ಗಂಟಲು ಹರಿಯುವಂತೆ ಕೂಗಿದರೂ ಒಂದು ಮರಿಯೂ ಕತ್ತೆತ್ತಲಿಲ್ಲ.

“ಯಾಕೋ ಯಪ್ಪಾ, ಹೊಟ್ಟಿ ನೋಯಾಕತ್ತೈತೇನ?” ಎಂದಳು ಅತ್ತೆ.

ಮರಿ ನನ್ನ ದನಿಗೆ ತಿರುಗಿ ನೋಡುವ ತನಕ ವೇದಿಕೆಯಲ್ಲಿ ಕುರಿಯ ದನಿ ಮಾಡುವುದಿಲ್ಲ ಎಂದು ಅವಳೆದುರೇ ಶಪಥ ಮಾಡಿಬಿಟ್ಟೆ. ಅದಕ್ಕಾಗಿ ನನ್ನಂಥ ಬಾಯಿಬಡುಕ ಬಾಯಿ ಮುಚ್ಚಿಕೊಂಡು ದೊಡ್ಡಿಯಲ್ಲಿ ಕೂತು ಕೇಳಬೇಕಾಯಿತು. ಮರಿ ಹತ್ತಿರವಿದ್ದಾಗ ತಾಯಿಕುರಿ ಅರಚುವುದಿಲ್ಲ. ಬಾಯಿ ಮುಚ್ಚಿ, ಗಂಟಲಲ್ಲೇ ಮೆಲ್ಲಗೆ ಗುನುಗುತ್ತದೆ. ಯಾರೂ ನಗದ, ಯಾರೂ ಚಪ್ಪಾಳೆ ತಟ್ಟದ ಆ ಸಣ್ಣ ದನಿಯನ್ನು ಕಲಿಯುವುದರಲ್ಲೇ ರಜೆ ಮುಗಿಯುತ್ತ ಬಂತು.

ಒಂದು ಸಂಜೆ, ತಾಯಿಕುರಿಗಳು ಮೇಯ್ದು ಮರಳುವ ಮೊದಲು, ಮರಿಗಳಿಗೆ ಬೆನ್ನು ಹಾಕಿ ಕೂತು ಗುನುಗಿದೆ. ಕರಿ ಮರಿಯೊಂದು ಓಡಿಬಂದು, ಬಾಲ ಅಲ್ಲಾಡಿಸುತ್ತ ನನ್ನ ಮೊಣಕಾಲಿಗೆ ಮೂತಿ ಗುದ್ದತೊಡಗಿತು!

ಅಂಥ ಮೆಚ್ಚುಗೆ ನನಗೆ ಯಾವ ವೇದಿಕೆಯಲ್ಲೂ ಸಿಕ್ಕಿಲ್ಲ. “ಅತ್ತೀ, ನೋಡಬೇ, ಬಂತು!” ಎಂದು ಕುಣಿದಾಡಿದೆ. ಅತ್ತೆ ಸೊಂಟದ ಮೇಲೆ ಕೈಯಿಟ್ಟು ಅಂದಳು: “ಕರದಿ, ಛಲೋ ಆತು. ಇನ್ನ ಹಾಲೂ ನೀನ ಕುಡಸು!”